ಬಾಗಿಲ ಮೇಲೆ ಬಿಟ್ಟ ಜಾಗ

"ನಮ್ಮ ಮನೆತನದಾಗ ಡಿಗ್ರಿ ಅಂಬೋದು ಆಗದ ಮಾತು" ಎಂದು ಮೊದಲು ಹೇಳಿದವರು ನಮ್ಮ ಸೋದರತ್ತೆ ನೀಲವ್ವ. ಅಪ್ಪನ ಅಕ್ಕ. ಅವರನ್ನು ಸವಣೂರಿಗೆ ಕೊಟ್ಟಿತ್ತು. ಬರುವಾಗಲೆಲ್ಲ ಚೀಲದಲ್ಲಿ ತಿನ್ನಲು ಸವಣೂರಿನ ಖಾರ, ಬಾಯಲ್ಲಿ ಇಂಥದ್ದೊಂದು ಮಾತು ತಪ್ಪದೆ ತರುತ್ತಿದ್ದರು. ಅವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಮ್ಮ ಮನೆತನದಲ್ಲಿ ಆವರೆಗೆ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ಅವರು ಕಂಡದ್ದನ್ನು ಹೇಳಿದ್ದರು, ಅಷ್ಟೇ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಮಾಸೂರಿನ ನಮ್ಮ ಹಳೆಯ ಹಂಚಿನ ಮನೆ ಕೆಡವಿ ಹೊಸದು ಕಟ್ಟಲು ಶುರು ಮಾಡಿದೆವು. ಮನೆ ಏಳುವ ತನಕ ಎದುರಿನ ತಗಡಿನ ಶೆಡ್ಡಿನಲ್ಲಿ ನಮ್ಮ ಸಂಸಾರ, ಪಕ್ಕದಲ್ಲೇ ಎಮ್ಮೆ. ಬೆಳಿಗ್ಗೆ ಹಿರೇಕೆರೂರಿನ ಬಸ್ಸು ಹಿಡಿಯುವ ಮೊದಲು ಹೊಸ ಗೋಡೆಗೆ ನೀರು ಹೊಡೆಯುವುದು ನನ್ನ ಕೆಲಸ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಅರ್ಥಶಾಸ್ತ್ರದ ಪುಸ್ತಕ. ಇವತ್ತಿಗೂ ಎಲ್ಲಾದರೂ ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಆ ಪುಸ್ತಕದ ಒದ್ದೆಯಾಗಿ ಉಬ್ಬಿದ ಪುಟಗಳು ಕಣ್ಣಿಗೆ ಬರುತ್ತವೆ.

ಮನೆ ಹೇಗಿರಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಆಸೆ. ಅಡುಗೆಮನೆಗೆ ಬೀದಿ ಕಡೆಯೇ ಕಿಟಕಿ ಬೇಕೆಂದು ಅವ್ವ ಹಟ ಹಿಡಿದಳು. "ಇಷ್ಟು ವರ್ಷ ಒಲಿ ಮುಂದ ಕುಂತು ಬರೇ ಗ್ವಾಡಿ ನೋಡೇನಿ. ಇನ್ನ ಮ್ಯಾಲೆ ಮಂದೀನ್ನ ನೋಡ್ತೇನಿ" ಎಂದಳು. ನಾನು ಕೇಳಿದ್ದು ಪುಸ್ತಕ ಇಡಲು ಗೋಡೆಯಲ್ಲೊಂದು ಮಾಡ. ಅಪ್ಪ ಏನೂ ಕೇಳಿರಲಿಲ್ಲ. ಹೊರಗೋಡೆಗೆ ಸಿಮೆಂಟ್ ಬಳಿಯುವ ಗಿಲಾವು ಶುರುವಾದ ದಿನ ಗೌಂಡಿ ಇಮಾಮಸಾಬರನ್ನು ಕರೆದು ಬಾಗಿಲ ಮೇಲಿನ ಜಾಗ ತೋರಿಸಿದ. ಅಲ್ಲಿ ಸಿಮೆಂಟಿನ ಉಬ್ಬು ಅಕ್ಷರದಲ್ಲಿ 'ರೇಣುಕಾ, ಬಿ.ಎ.' ಎಂದು ನನ್ನ ಹೆಸರು ಬರೆಯಬೇಕಂತೆ.

ಇಮಾಮಸಾಬರು ನನ್ನ ಮುಖ ನೋಡಿದರು. "ಪಾಸಾದೇನವಾ?"

"ಇನ್ನೂ ಪರೀಕ್ಷೆ ಐತ್ರಿ ಕಾಕಾ."

"ಹಂಗಾರ ಈಗ ಹೆಸರಷ್ಟ ಬರೀತೇನಿ ಹನುಮಂತಪ್ಪ. ಸಿಮೆಂಟ್ ಒಮ್ಮೆ ಕುಂತ್ರ ಕೀಳಾಕ ಬರಂಗಿಲ್ಲ."

ಅಪ್ಪ, "ಬಿ.ಎ.ಗೆ ಜಾಗಾ ಬಿಡು. ಅಲ್ಲಿ ಗಿಲಾವು ಮಾಡಬ್ಯಾಡ" ಎಂದ.

ಹೀಗೆ ನನ್ನ ಹೆಸರಿನ ಮುಂದೆ, ಬರೀ ಇಟ್ಟಿಗೆ ಕಾಣುವ ಒಂದು ಚೌಕ ಉಳಿಯಿತು.

ಆ ಸಲ ಅರ್ಥಶಾಸ್ತ್ರದಲ್ಲಿ ನಪಾಸಾದೆ. ಮನೆ ಮುಗಿಯಿತು, ನನ್ನ ಡಿಗ್ರಿ ಮುಗಿಯಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಒಳಗಿನ ಟೈಲ್ಸ್ ನೋಡುವುದು ಬಿಟ್ಟು ಹೊರಗೆ ನಿಂತು ಕತ್ತೆತ್ತಿ ನೋಡುವವರೇ. "ಗುಬ್ಬಿ ಗೂಡಿಗೆ ಜಾಗಾ ಬಿಟ್ಟೀಯೇನೋ ಹನುಮಂತಾ?" ಎಂದು ಓಣಿಯವರೊಬ್ಬರು ನಕ್ಕರು. "ಇಲ್ಲೋ ಮಾರಾಯಾ, ಅದಕ್ಕ ಇನ್ನೊಂದಿಷ್ಟು ನೀರು ಹೊಡೀಬೇಕು" ಎಂದು ಅಪ್ಪನೂ ನಕ್ಕ. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ನಿಂತುಕೊಂಡೆ.

ನೀಲವ್ವತ್ತೆ ನಗಲಿಲ್ಲ. ಊಟವಾದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಹೇಳಿದರು: "ತಮ್ಮಾ, ಹೆಣ್ಣುಮಗಳು ನಾಳೆ ಕೊಟ್ಟ ಮನೀಗೆ ಹೋಗಾಕಿ. ಆಕಿ ಹೆಸರು ಮನಿ ಮ್ಯಾಲ, ಅದರ ಬಾಜೂಕ ಬೋಳು ಇಟ್ಟಂಗಿ. ಮಂದಿ ನಗಾಕತ್ತಾರ. ಸವಣೂರಾಗ ಒಂದು ವರ ನೋಡೇನಿ. ಅದನ್ನ ಮುಚ್ಚಿಸು, ಇಕಿ ಲಗ್ನ ಮಾಡು."

"ಇನ್ನೊಂದು ಸಲ ಬರೀಲಿ ಅಕ್ಕಾ. ಆಗಲಿಲ್ಲಂದ್ರ ನೀ ಹೇಳಿದಂಗ ಆಗಲಿ."

ಆ ಮಾತು ಕೇಳಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಮರುದಿನ ಅವ್ವ ಅಡುಗೆಮನೆಯ ಕಿಟಕಿಯ ಕೆಳಗೆ ನನಗೆ ಚಾಪೆ ಹಾಸಿದಳು. "ಬೆಳಕು ಚಲೋ ಐತಿ, ಇಲ್ಲೇ ಕುಂದ್ರು" ಎಂದವಳೇ ತಾನು ಮತ್ತೆ ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿಯತೊಡಗಿದಳು. ಅಷ್ಟು ಆಸೆಪಟ್ಟು ಇಡಿಸಿಕೊಂಡ ಕಿಟಕಿ. ಮುಂದಿನ ಪರೀಕ್ಷೆಯ ತನಕ ಅವಳು ಅದರಿಂದ ಒಬ್ಬರನ್ನೂ ನೋಡಲಿಲ್ಲ.

ಫಲಿತಾಂಶ ಮೊಬೈಲಿನಲ್ಲಿ ಬಂತು. ಪಾಸು! ನಾನು ಕುಣಿಯುತ್ತ, ಗೌಂಡಿಯನ್ನು ಕರೆಯೋಣ ಎಂದರೆ ಅಪ್ಪ ಒಪ್ಪಲೇ ಇಲ್ಲ. "ಮೊಬೈಲ್‌ನಾಗ ಬಂದಿದ್ದು ಮೊಬೈಲ್‌ನಾಗ ಹೋಗತೈತಿ. ಕಾಗದ ಕೈಯಾಗ ಬರಲಿ." ಕಾಗದ ಬರುವುದರೊಳಗೆ ಒಂದು ಮಳೆಗಾಲ ಹೋಯಿತು. ಇಟ್ಟಿಗೆ ನೆನೆಯದಂತೆ ಅಪ್ಪ ಆ ಚೌಕಕ್ಕೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದ. ಗಾಳಿ ಬೀಸಿದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

ಈಗ ನಾನು ಶಿಗ್ಗಾವಿಯಲ್ಲಿ ಕೆಲಸಕ್ಕಿದ್ದೇನೆ. ಊರಿಗೆ ಹೋದಾಗ ಅಂಗಳದಲ್ಲೇ ನಿಂತು ಮೊದಲು ಬಾಗಿಲ ಮೇಲೆ ನೋಡುತ್ತೇನೆ. ಎಲ್ಲದಕ್ಕೂ ಒಂದೇ ಬಣ್ಣ ಬಳಿದಿದ್ದರೂ ಕೊನೆಯ ಎರಡು ಅಕ್ಷರ ಆಮೇಲೆ ಕೂರಿಸಿದ್ದು ಎಂದು ಗೊತ್ತಾಗುತ್ತದೆ. ತುಸು ಹೆಚ್ಚೇ ಉಬ್ಬಿವೆ. ಸರಿ ಮಾಡಿಸೋಣ ಎಂದು ಅಪ್ಪ ಎರಡು ಸಲ ಹೇಳಿದ. ನಾನು ಬೇಡ ಎಂದೆ. ಅವು ಹಾಗಿದ್ದರೇನೇ ನನಗೆ ಆ ದಿನ ಇಡಿಯಾಗಿ ನೆನಪಾಗುವುದು.

ಆ ದಿನ ಕಾಲೇಜಿನಿಂದ ಪ್ರಮಾಣಪತ್ರ ತಂದಾಗ ನೀಲವ್ವತ್ತೆಯೂ ನಮ್ಮಲ್ಲಿದ್ದರು. ಎಮ್ಮೆ ಈದಿತ್ತು, ಗಿಣ್ಣ ತಿನ್ನಲು ಬಂದಿದ್ದರು. ನಾನು ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಮೇಲಿನಿಂದ ಕೆಳಗೆ ನೋಡಿ ಅಕ್ಕನ ಮುಂದೆ ಹಿಡಿದ. ಅತ್ತೆ ತಟ್ಟೆ ಕೆಳಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಅವರಿಗೆ ಓದು ಬರುವುದಿಲ್ಲ.

"ಇದರಾಗ ನಿನ್ನ ಹೆಸರು ಎಲ್ಲೈತಿ?"

ಕನ್ನಡದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಕಾಗದ ಹಿಡಿದುಕೊಂಡೇ ಅಂಗಳಕ್ಕೆ ಇಳಿದರು. ಕಾಗದದ ಮೇಲಿನ ಹೆಸರು ನೋಡಿದರು, ಕತ್ತೆತ್ತಿ ಗೋಡೆಯ ಮೇಲಿನ ಹೆಸರು ನೋಡಿದರು. ಮತ್ತೆ ಕಾಗದ, ಮತ್ತೆ ಗೋಡೆ. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಅಪ್ಪನ ಕಡೆ ತಿರುಗಿದರು.

"ನೋಡಕೋತ ಏನ್ ನಿಂತಿ ತಮ್ಮಾ? ಇಮಾಮಸಾಬನ್ನ ಕರಿ. ನೀರು ನಾ ತರ್ತೇನಿ."