ಅಕ್ಕ ನಾದಿದ ನೆದರ್‌ಲ್ಯಾಂಡ್ಸ್

ಕಳೆದ ಭಾನುವಾರ ಊಟಕ್ಕೆ ಬರುವವರೊಬ್ಬರಿಗಾಗಿ ಚಪಾತಿ ಹಿಟ್ಟು ನಾದುತ್ತಿದ್ದೆ. ನೀರು ತುಸು ಹೆಚ್ಚಾಗಿ, ಹೆಬ್ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಆ ಹಸಿ ಹಿಟ್ಟಿನ ವಾಸನೆಗೆ ಹಿಂದೊಮ್ಮೆ ಮೇಲಿನ ಮನೆಯಲ್ಲಿದ್ದ ಅಕ್ಕ ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅವೆರಡೂ ನನ್ನಲ್ಲಿ ಬೇರೆ ಬೇರೆಯಾಗಿ ಬರುವುದಿಲ್ಲ.

ಇಸವಿ ಎರಡು ಸಾವಿರ ಹುಟ್ಟಿದ ಕೂಡಲೇ ಪ್ರಪಂಚದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಗುಲ್ಲೆದ್ದಿದ್ದ ಕಾಲ ಅದು. ಅದನ್ನು ತಡೆಯಲೆಂದು ನಮ್ಮ ಗಂಡಂದಿರನ್ನು ಬೆಂಗಳೂರಿನಿಂದ ಟೋಕಿಯೋಗೆ ಕರೆಸಿದ್ದರು. ಅವರ ಹಿಂದೆ ನಾವು, ಹುಳಿಪುಡಿಯ ಡಬ್ಬಿಗಳ ಜೊತೆ. ನಾವಿದ್ದ ನಿಶಿ ಕಸಾಯಿ ಬಡಾವಣೆಯಲ್ಲಿ ಆಗ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ತಲೆಯ ಮೇಲಿನ ಮನೆಯೇ ಅಕ್ಕನದು. ಮೈಸೂರಿನ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದವರು. ಗಂಡ ಹೊರಟನೆಂದು ರಾಜೀನಾಮೆ ಕೊಟ್ಟು ಬಂದಿದ್ದರು. ವೀಸಾದಲ್ಲಿ ಅವರು ಬರೀ ಹೆಂಡತಿ. ಕೆಲಸಕ್ಕೆ ಹೋಗುವ ಹಾಗಿರಲಿಲ್ಲ.

ಹೊಸ ವರ್ಷ ಬಂತು, ನಮ್ಮವರ ಕಂಪ್ಯೂಟರುಗಳು ಕೆಡಲಿಲ್ಲ. ಪ್ರಾಜೆಕ್ಟ್ ಮುಗಿದು ಅಕ್ಕನ ಗಂಡನಿಗೆ ಮುಂದಿನ ಪೋಸ್ಟಿಂಗ್ ನೆದರ್‌ಲ್ಯಾಂಡ್ಸ್ ಎಂದಾಯಿತು. ಅವತ್ತು ಅಕ್ಕ ಮೆಟ್ಟಿಲಿಳಿದು ಓಡಿ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಇಷ್ಟು ವರ್ಷ ಬರೀ ಬೋರ್ಡ್ ಮೇಲೆ ಬರೆದು ಪಾಠ ಮಾಡಿದೀನಿ ಕಣೆ. ಸಮುದ್ರ ಮೇಲೆ, ಊರು ಕೆಳಗೆ, ನೀರು ತಡೆಯೋಕೆ ನಡುವೆ ಏರಿ ಅಂತ. ಒಂದ್ಸಲ ಆ ಏರಿ ಮೇಲೆ ನಿಂತ್ಕೊಂಡು ನೋಡ್ಬೇಕು."

ಅಂದಿನಿಂದ ಕಟ್ಟಡದ ಮಕ್ಕಳಿಗೆ ಬೇರೆ ಆಟವೇ ಇಲ್ಲ. ಸ್ಟೀಲ್ ತಟ್ಟೆಯಲ್ಲಿ ಚಪಾತಿ ಹಿಟ್ಟು ಹರಡಿ ಅಕ್ಕ ದೇಶ ಮಾಡುತ್ತಿದ್ದರು. ಪಶ್ಚಿಮಕ್ಕೆ ಹೆಬ್ಬೆರಳಲ್ಲಿ ಒತ್ತಿ ತಗ್ಗು, ಅಂಚಿಗೆ ಹಿಟ್ಟಿನದೇ ಏರಿ. ಆಗ್ನೇಯದ ಮೂಲೆಯ ಲಿಂಬರ್ಗ್ ಪ್ರಾಂತ್ಯಕ್ಕೆ ಒಂದು ಚಿಟಿಕೆ ಎತ್ತರ. ನಮ್ಮ ಚಾಮುಂಡಿ ಬೆಟ್ಟದ ಮುಂದೆ ಅದು ಬೆಟ್ಟವೇ ಅಲ್ಲ ಎಂದು ಮೈಸೂರಿನವರ ಜಂಬ ಬೇರೆ. ಕರ್ನಾಟಕದ ಐದರಲ್ಲೊಂದು ಪಾಲಿನಷ್ಟು ನೆಲ, ಅಷ್ಟರಲ್ಲೇ ಒಂದೂವರೆ ಕೋಟಿ ಜನ, ಬಹಳ ಮಂದಿ ಈ ತಗ್ಗಿನಲ್ಲೇ... ಎನ್ನುತ್ತಾ ಅಂಚಿಗೆ ನೀರು ಹೊಯ್ಯುವರು. ಏರಿ ಒಂದಿಷ್ಟು ಬಿರುಕು ಬಿಟ್ಟರೂ ಆಮ್‌ಸ್ಟರ್‌ಡ್ಯಾಮ್ ಮುಳುಗುತ್ತಿತ್ತು, ಮಕ್ಕಳು ಜಪಾನಿಯಲ್ಲಿ ಬೊಬ್ಬೆ ಹೊಡೆಯುತ್ತಿದ್ದವು. ಒಂದು ದಿನ ಎಲ್ಲರನ್ನೂ ಅರಾಕಾವಾ ನದಿಯ ಏರಿಗೆ ಕರೆದೊಯ್ದು, ಉಬ್ಬರದ ನೀರಿಗಿಂತ ನಮ್ಮ ಬೀದಿಗಳೇ ಕೆಳಗಿರುವುದನ್ನು ತೋರಿಸಿದರು. ನಾವೂ ಅಂಥ ತಗ್ಗಿನಲ್ಲೇ ಸಂಸಾರ ಮಾಡುತ್ತಿದ್ದೇವೆಂದು ನನಗೆ ಗೊತ್ತಾದದ್ದು ಅವತ್ತು.

ಯಾರಾದರೂ ಆ ದೇಶವನ್ನು ಹಾಲೆಂಡ್ ಎಂದರೆ ಮಾತ್ರ ಅಕ್ಕನಿಗೆ ಮೈಯುರಿ. ಅದು ಹನ್ನೆರಡು ಪ್ರಾಂತ್ಯಗಳಲ್ಲಿ ಎರಡರ ಹೆಸರಷ್ಟೆ. ಕರ್ನಾಟಕವನ್ನೆಲ್ಲ ಮೈಸೂರು ಎಂದರೆ ಧಾರವಾಡದವರು ಸುಮ್ಮನಿರುತ್ತಾರಾ ಎಂದು ಕೇಳುತ್ತಿದ್ದರು. ಅವರ ಗಂಡ ಬೇಕೆಂದೇ ಹಾಲೆಂಡ್ ಎನ್ನುತ್ತಿದ್ದ.

ಹೊರಡುವ ವಾರ ನಮ್ಮ ಮನೆಯಲ್ಲಿ ಬೀಳ್ಕೊಡುಗೆಯ ಊಟ. ಗಂಡಸರು ಸಾಲಾಗಿ ಕೂತಿದ್ದರು, ನಾನೂ ಅಕ್ಕನೂ ಬಡಿಸುತ್ತಿದ್ದೆವು. ನನ್ನ ಮಗಳು ಅಕ್ಕನ ಗಂಡನ ಪಕ್ಕ ಹೋಗಿ, ಆಂಟಿ ಏರಿಯ ಮೇಲೆ ನಿಂತಿರುವ ಫೋಟೋ ಕಳಿಸಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆತ ಅನ್ನ ಕಲಸುತ್ತಲೇ ಹೇಳಿದ.

"ಹಾಲೆಂಡ್‌ಗೆ ನಾನೊಬ್ನೇ ಪುಟ್ಟಿ. ಆಂಟಿ ಮೈಸೂರಿಗೆ. ನನ್ ತಂಗಿ ಬಾಣಂತನಕ್ಕೆ ಬರ್ತಿದಾಳೆ, ಮನೇಲಿ ಒಬ್ರು ಬೇಕಲ್ಲ. ಟಿಕೆಟ್ ಆಗಿದೆ."

ಅಕ್ಕನ ಕೈಯಲ್ಲಿದ್ದ ಹುಳಿಯ ಸೌಟು ಅಲ್ಲೇ ನಿಂತಿತು. ಈ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಗಂಡಸರಲ್ಲಿ ಒಬ್ಬನ ಮುಖವೂ ಬದಲಾಗಲಿಲ್ಲ. ಅವರಿಗೆಲ್ಲ ಮೊದಲೇ ಗೊತ್ತಿತ್ತು, ಒಂದೇ ಆಫೀಸಿನವರಲ್ಲವೇ! ನಮ್ಮ ಯಜಮಾನರು ತಟ್ಟೆಯಿಂದ ತಲೆಯೆತ್ತದೆ ಮಜ್ಜಿಗೆ ಕೇಳಿದರು. ಅದನ್ನು ಅವರ ತಲೆಯ ಮೇಲೇ ಸುರಿಯಬೇಕು ಅನ್ನಿಸಿತು. ಇಲ್ಲಿ ಜಪಾನಿನ ಜನ ಮನೆ ಬದಲಿಸುವಾಗ ಅಕ್ಕಪಕ್ಕದವರಿಗೂ ಹೇಳಿ, ಕೈಗೊಂದು ಟವೆಲ್ ಕೊಟ್ಟು ಹೋಗುತ್ತಾರೆ. ಕಟ್ಟಿಕೊಂಡ ಹೆಂಡತಿಗೆ ಅಷ್ಟು ಮರ್ಯಾದೆಯೂ ಇಲ್ಲವೇ?

ಅಕ್ಕ ಅಳಲಿಲ್ಲ. ಆತನ ತಟ್ಟೆಗೆ ಹುಳಿ ಬಡಿಸಿ ನನ್ನ ಮಗಳ ಕಡೆ ತಿರುಗಿದರು.

"ಹಾಲೆಂಡ್ ಅಂದ್ರೆ ಇಡೀ ದೇಶ ಅಲ್ಲ ಪುಟ್ಟಿ. ಹನ್ನೆರಡರಲ್ಲಿ ಎರಡು ಅಷ್ಟೆ. ಅಂಕಲ್‌ಗೂ ಹೇಳ್ಕೊಡು."

ಮೈಸೂರಿಗೆ ಹೋಗಿ ನಾದಿನಿಯ ಬಾಣಂತನ ಮಾಡಿದರು. ಆಮೇಲೆ ಇನ್ನೇನೋ, ಮತ್ತೇನೋ... ಬಿಟ್ಟ ಕೆಲಸ ತಿರುಗಿ ಸಿಗಲಿಲ್ಲ. ಫೋನಿನಲ್ಲಿ ನಾನು ಆತನನ್ನು ಬೈಯಲು ಶುರುಮಾಡಿದರೆ ಮಾತು ಮರೆಸಿ, ಅರಾಕಾವಾದಲ್ಲಿ ನೀರು ಹೇಗಿದೆ ಎಂದು ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ನೆದರ್‌ಲ್ಯಾಂಡ್ಸಿನ ಆ ಏರಿಯ ಮೇಲೆ ನಿಲ್ಲಲೇ ಇಲ್ಲ.

ಭಾನುವಾರ ಊಟಕ್ಕೆ ಬಂದವನು ಆತನೇ. ಏನೋ ಕೆಲಸದ ಮೇಲೆ ಟೋಕಿಯೋಗೆ ಬಂದಿದ್ದಾನೆ, ಕರೆಯದೆ ಇರುವುದು ಹೇಗೆ ಎಂದು ನಮ್ಮ ಯಜಮಾನರು ಕರೆದಿದ್ದರು. ಹೆಂಡತಿ ಹೋದವನಲ್ಲವೇ ಎಂದು ನಾನೂ ಹಲ್ಲು ಕಚ್ಚಿಕೊಂಡು ಒಪ್ಪಿದ್ದೆ. ಸೋಫಾದಲ್ಲಿ ಕೂತು ಕಾಫಿ ಕುಡಿದ. ಅಕ್ಕನ ಹೆಸರು ಒಮ್ಮೆಯೂ ಎತ್ತಲಿಲ್ಲ. ಮಾತು ಹಳೆಯ ಪೋಸ್ಟಿಂಗುಗಳ ಕಡೆ ಹೊರಳಿತು.

"ಹಾಲೆಂಡ್ ಬರೀ ಫ್ಲಾಟು. ನೋಡೋಕೆ ಏನೂ ಇಲ್ಲ," ಎಂದ.

ನಾನು ಒಳಗೆ ಹೋಗಿ ನಾದಿಟ್ಟ ಹಿಟ್ಟಿಗೆ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಒಲೆ ಆರಿಸಿ ಹೊರಗೆ ಬಂದೆ.

"ಸ್ಟೇಷನ್ ಹತ್ರ ಹೋಟೆಲ್‌ಗಳಿವೆ. ಊಟ ಅಲ್ಲೇ ಮಾಡ್ಕೊಳಿ."

ಇಬ್ಬರೂ ತಮಾಷೆಯೆಂದು ನಕ್ಕರು. ನಾನು ಬಾಗಿಲು ತೆರೆದು ಹಿಡಿದು ನಿಂತೆ.