ದೊಮಿತಿಲ್ ನಡೆದ ಬೋನುದಾರಿ

ಐವತ್ತೆಂಟು ತುಂಬುವವರೆಗೂ ದೊಮಿತಿಲ್ ಗಂಡ ಮೊದೆಸ್ತ್‌ನ ಬೋನುದಾರಿಯಲ್ಲಿ, ಅಂದರೆ ತುಪ್ಪಳದ ಪ್ರಾಣಿಗಳಿಗೆ ಸಾಲಾಗಿ ಬೋನಿಡುವ ಕಾಡುದಾರಿಯಲ್ಲಿ, ಒಂದು ದಿನವೂ ನಡೆದವಳಲ್ಲ. ಹಾಗಂತ ಮೈಗಳ್ಳಿ ಅಂದುಕೊಂಡರೆ ತಪ್ಪು. ಹೆಪ್ಪುಗಟ್ಟಿದ ಸರೋವರ ಕೊರೆದು ಮೀನುಬಲೆ ಬಿಟ್ಟವಳು, ಮೂಸ್ ಚರ್ಮ ಹದ ಮಾಡಿ ಮನೆಮಂದಿಗೆಲ್ಲ ಮೆಟ್ಟು ಹೊಲಿದವಳು, ಆರು ಮಕ್ಕಳನ್ನು ಹೆತ್ತವಳು. ಬೋನಿಡುತ್ತಾ ದಾರಿಯ ಕೊನೆಗಿದ್ದ ದೂರದ ಗುಡಿಸಲಿನ ತನಕ ಹೋಗಿಬರುವುದು ಮೊದೆಸ್ತ್‌ನ ಕೆಲಸ, ಅವನು ತಂದ ಮಾರ್ಟನ್‌ ಎಂಬ ಬೆಲೆಬಾಳುವ ತುಪ್ಪಳದ ಪುಟ್ಟ ಪ್ರಾಣಿಗಳ ಚರ್ಮ ಸುಲಿದು ಹಲಗೆಗೆ ಬಿಗಿಯುವುದು ಅವಳ ಕೆಲಸ. ಮೂವತ್ತೊಂಬತ್ತು ಚಳಿಗಾಲ ಹಾಗೇ ನಡೆದಿತ್ತು.

ಅವಳು ಸುಲಿಯುವಾಗ ಮೊದೆಸ್ತ್ ಬಾಯಿ ಮುಚ್ಚಿ ಕೂರುವ ಪೈಕಿಯವನಲ್ಲ. ಪಕ್ಕದಲ್ಲೇ ಟೀ ಹೀರುತ್ತಾ, ಯಾವ ಪ್ರಾಣಿ ಎಲ್ಲಿ ಸಿಕ್ಕಿತು ಅಂತ ದಾರಿ ಪೂರ್ತಿ ಹೇಳುತ್ತಿದ್ದ. ಉತ್ತರದ ಹಿಮನಾಡಿನ ನಮ್ಮ ದೆನೆ ಜನರ ಬೋನುದಾರಿಯಲ್ಲಿ ಜಾಗಗಳಿಗೆ ದೊಡ್ಡವರ ಹೆಸರಿಡುವುದಿಲ್ಲ, ನಡೆದವರ ಪೇಚಾಟವೇ ಹೆಸರು. ಅಪ್ಪ ಬೂಟು ಸುಟ್ಟುಕೊಂಡ ದಿಬ್ಬ. ಅಣ್ಣತಮ್ಮ ಮಾತು ಬಿಟ್ಟ ಹೊಳೆ. ನಾಯಿ ಮುನಿಸಿಕೊಂಡ ಬಂಡೆ. ಹೆಸರನ್ನು ಪೇಚಿಗೆ ಸಿಕ್ಕವರು ತಾವೇ ಇಟ್ಟುಕೊಳ್ಳುವಂತಿಲ್ಲ, ಕಣ್ಣಾರೆ ಕಂಡವರು ಊರಿಗೆ ಬಂದು ಹೇಳಬೇಕು. ಊರು ನಕ್ಕರೆ ಹೆಸರು ನಿಂತಿತು.

ಮೊದೆಸ್ತ್ ತೀರಿಕೊಂಡ. ಮರುವರ್ಷ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದು, ದಾರಿ ತೋರಿಸಲು ಅವನು ಮರಗಳ ಮೇಲೆ ಕೊಡಲಿಯಲ್ಲಿ ಕಡಿದಿದ್ದ ಗುರುತುಗಳೆಲ್ಲ ಬೂದಿಯಾದವು. ಮಕ್ಕಳು ಯಾರೂ ಆ ದಾರಿ ಕಂಡವರಲ್ಲ, ಚಳಿಗಾಲ ಬಂದರೆ ಸಾಕು ಸರ್ಕಾರದವರು ಅವರನ್ನು ಬೋರ್ಡಿಂಗ್ ಶಾಲೆಗೆ ಎಳೆದೊಯ್ಯುತ್ತಿದ್ದರು. ಆ ಸಿಟ್ಟು ದೊಮಿತಿಲ್‌ಗೆ ಇವತ್ತಿಗೂ ಆರಿಲ್ಲ. ಆರಬೇಕಾಗಿಯೂ ಇಲ್ಲ.

ಆ ಶರತ್ಕಾಲದಲ್ಲಿ ಬೇಟೆಗಾರರ ಸಭೆ ಸೇರಿದಾಗ ಹಿರಿಯ ನೊಯೆಲ್ ಮೆಲ್ಲಗೆ ವಿಷಯ ಎತ್ತಿದ. ಯಾರೂ ನಡೆಯದ ದಾರಿಯನ್ನು ನಡೆಯುವವರಿಗೆ ಕೊಡುವುದು ಊರಿನ ರೂಢಿ. ಕ್ರಿಸ್‌ಮಸ್ಸಿನೊಳಗೆ ದೂರದ ಗುಡಿಸಲಿನಿಂದ ತುಪ್ಪಳ ಬಂದರೆ ದಾರಿ ಮೊದೆಸ್ತ್‌ನ ಮನೆಯದೇ, ಇಲ್ಲವಾದರೆ ಬೇರೆಯವರಿಗೆ.

"ನಾನು ಹೋಗ್ತೀನಿ," ಅಂದಳು ದೊಮಿತಿಲ್.

ಮೈದುನ ಇಸಿದೋರ್ ನಕ್ಕುಬಿಟ್ಟ. "ಅತ್ಗೆ, ನಿನ್ ಮೊಣಕಾಲು ಚರ್ಚಿಗೆ ಹೋಗೋಕೇ ಗೊಣಗುತ್ತೆ."

"ಚರ್ಚಲ್ಲಿ ಮಾರ್ಟನ್ ಸಿಗಲ್ವಲ್ಲ, ಅದಕ್ಕೇ ಗೊಣಗೋದು."

ಒಳಗೊಳಗೇ ಅವಳಿಗೆ ಜೀವ ಹಾರಿಹೋಗಿತ್ತು. ದಾರಿ ಬೇರೆಯವರ ಪಾಲಾದರೆ ಅವರು ತಮ್ಮ ಹೆಸರುಗಳನ್ನು ಇಡುತ್ತಾರೆ, ಮೊದೆಸ್ತ್ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಅವನನ್ನು ಎರಡನೇ ಸಲ ಮಣ್ಣು ಮಾಡಲು ಅವಳು ತಯಾರಿರಲಿಲ್ಲ.

ಡಿಸೆಂಬರ್ ಮೊದಲ ವಾರ ಮೂರು ನಾಯಿ ಕಟ್ಟಿ ಜಾರುಬಂಡಿ ಹೊರಡಿಸಿದಳು. ಊರಾಚೆ ನೋಡಿದರೆ ಇಸಿದೋರ್ ಹಿಮದಲ್ಲಿ ಕಾಲು ಹೂಳದಂತೆ ತನ್ನ ಅಗಲದ ಹಿಮಮೆಟ್ಟು ತೊಟ್ಟು ಕಾಯುತ್ತಿದ್ದಾನೆ.

"ನೀನ್ಯಾಕೆ?"

"ನಿನ್ ಹೆಣ ಹೊತ್ಕೊಂಡು ಬರೋಕೆ ಯಾರಾದ್ರೂ ಬೇಡ್ವಾ?"

ಹೊಳೆಯ ತನಕ ದಾರಿ ಅವನಿಗೂ ಗೊತ್ತಿತ್ತು. ಅಣ್ಣನ ಜೊತೆ ಮಾತು ಬಿಟ್ಟವನು ಅವನೇ ತಾನೆ! ಆಮೇಲೆ ರಾಜಿಯಾದರೂ ಹೊಳೆ ದಾಟಿ ಕಾಲಿಟ್ಟವನಲ್ಲ. ಆಚೆಗೆ ಕಣ್ಣು ಹಾಯುವವರೆಗೂ ಸುಟ್ಟ ಕಂಬಗಳು, ಹಿಮ. ಎಲ್ಲ ಒಂದೇ ಥರ.

"ಈಗೆಲ್ಲಿ?" ಅಂದ. ದನಿಯಲ್ಲಿ ತಮಾಷೆ ಇರಲಿಲ್ಲ.

ದೊಮಿತಿಲ್ ಕಣ್ಣು ಮುಚ್ಚಿದಳು. ಸುಲಿಯುವ ಚಾಕು ಹಿಡಿದಂತೆ ಬೆರಳು ಮಡಿಸಿದಳು. ಹಾಗೆ ಹಿಡಿದರಷ್ಟೇ ಮೊದೆಸ್ತ್‌ನ ಮಾತು ಸಾಲಾಗಿ ನೆನಪಿಗೆ ಬರುತ್ತಿತ್ತು. "ಹೊಳೆ ದಾಟಿ, ಎರಡು ಗುಡ್ಡದ ನಡುವೆ. ಬೆಳಗಿನ ಬಿಸಿಲು ಬೆನ್ನಿಗಿರಬೇಕು. ಮಧ್ಯಾಹ್ನದ ಟೀ ಹೊತ್ತಿಗೆ ಬಂಡೆ."

ಟೀ ಹೊತ್ತು ಮೀರಿತು, ಬಂಡೆ ಇಲ್ಲ. ಇಸಿದೋರ್ ತಿರುತಿರುಗಿ ಬಂದ ದಾರಿಯನ್ನೇ ನೋಡತೊಡಗಿದ, ಅದೇ ಅವಳನ್ನು ಹೆಚ್ಚು ಹೆದರಿಸಿತು. ಆಮೇಲೆ ಹೊಳೆಯಿತು: ಮೊದೆಸ್ತ್‌ನ ಕಾಲಿನ ಲೆಕ್ಕ ಬೇರೆ, ತನ್ನ ಮೊಣಕಾಲಿನ ಲೆಕ್ಕ ಬೇರೆ. ಇನ್ನೂ ಒಂದು ಗಂಟೆ ನಡೆದಾಗ ಬಂಡೆ ಎದುರಿಗೇ ನಿಂತಿತ್ತು, ಬೆಂಕಿಗೆ ಕಪ್ಪಾಗಿ, ಮುಖ ತಿರುಗಿಸಿ ಕೂತ ನಾಯಿಯಂತೆ.

ಅವಳು ಅತ್ತೇಬಿಟ್ಟಳು. ಇಸಿದೋರ್ ನಾಯಿಗಳ ಹಗ್ಗ ಬಿಗಿಯುವ ನೆಪ ಮಾಡಿ ಬೆನ್ನು ತಿರುಗಿಸಿದ.

ಮಾರನೆಯ ದಿನ ಬಂಡೆ ಸಿಕ್ಕ ಸಂಭ್ರಮದಲ್ಲಿ ಸಾಮಾನು ಕಟ್ಟುವಾಗ ಗಂಟು ಸಡಿಲವಾಯಿತು. ಮುಂದೆ ಸಿಗುವ ಸರೋವರ ಕಿರಿದಾಗುವಲ್ಲಿ ಕೆಳಗೆ ನೀರು ಓಡುತ್ತದೆ, ಮಂಜುಗಡ್ಡೆ ತೆಳು. ಅದು ಗೊತ್ತಿದ್ದ ದೊಮಿತಿಲ್ ದಡ ಹಿಡಿದೇ ಬಂಡಿ ಹೊಡೆದಳು. ಕೆಟಲ್‌ಗೆ ಆ ಬುದ್ಧಿ ಇರಲಿಲ್ಲ. ಬಂಡಿಯಿಂದ ಉರುಳಿ, ಗಡ್ಡೆಯ ಮೇಲೆ ಠಣಠಣ ಜಾರುತ್ತಾ ಹೋಗಿ, ನಡುವೆ ಬಾಯ್ದೆರೆದಿದ್ದ ನೀರಿಗೆ ಗುಳುಂ ಅಂದಿತು.

"ಹೋಯ್ತು ನಮ್ ಟೀ," ಅಂದ ಇಸಿದೋರ್.

ಅಂದಿನಿಂದ ಹಂದಿಕೊಬ್ಬಿನ ಡಬ್ಬಿಯಲ್ಲೇ ಹಿಮ ಕರಗಿಸಿ ಟೀ. ಕುಡಿದಾಗಲೆಲ್ಲ ನಾಲಗೆಗೆ ಕೊಬ್ಬು ಅಂಟುತ್ತಿತ್ತು, ಅವನ ಗೊಣಗಾಟಕ್ಕೆ ಕೊನೆಯಿರಲಿಲ್ಲ.

ಗುಡಿಸಲಿನ ಸುತ್ತ ಹಳೆಯ ಸ್ಪ್ರೂಸ್ ಮರಗಳ ಕಾಡು ಸುಡದೆ ಉಳಿದಿತ್ತು. ಸೂರಿನಡಿ ಮೊದೆಸ್ತ್ ನೇತುಹಾಕಿದ್ದ ಬೋನುಗಳು ಹಾಗೇ ಇದ್ದವು. ಮೀನಿನ ತಲೆ ಕಟ್ಟಿ ಒಂದೊಂದನ್ನೂ ಅವಳೇ ಇಟ್ಟಳು. ಐದು ದಿನಕ್ಕೆ ಒಂಬತ್ತು ಮಾರ್ಟನ್.

ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಮತ್ತೆ ಸಭೆ ಸೇರಿತು. ಅವಳು ಒಂಬತ್ತು ಚರ್ಮ ಮೇಜಿನ ಮೇಲಿಟ್ಟಳು. ನೊಯೆಲ್ ಅವನ್ನು ಸರಿಯಾಗಿ ನೋಡಲೂ ಇಲ್ಲ, ಇಸಿದೋರ್ ಕಡೆ ತಿರುಗಿದ. "ದಾರಿ ಹೇಳಪ್ಪ."

ಇಸಿದೋರ್ ಎದ್ದುನಿಂತ. "ದಿಬ್ಬ ಹತ್ತಿ ಇಳಿದ್ವಿ. ಹೊಳೆ ದಾಟಿದ್ವಿ, ಹೌದು, ನಾನೂ ದಾಟ್ದೆ, ನಗಬೇಡಿ. ಮುನಿಸ್ಕೊಂಡ ಬಂಡೆ ಸಿಕ್ತು. ಅಲ್ಲಿಂದ ಮುಂದೆ," ಅತ್ತಿಗೆಯತ್ತ ಓರೆಗಣ್ಣಲ್ಲಿ ನೋಡಿದ, "ದೊಮಿತಿಲ್ ಕೆಟಲ್ ಮುಳುಗಿಸಿದ ಜಾಗ. ಅದು ದಾಟಿದ್ರೆ ಗುಡಿಸ್ಲು."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೊಯೆಲ್ ಕಣ್ಣೊರೆಸಿಕೊಂಡು ಮುಂದಿನ ವಿಷಯಕ್ಕೆ ಹೋದ. ದಾರಿ ಯಾರದು ಅಂತ ಮತ್ತೆ ಯಾರೂ ಕೇಳಲಿಲ್ಲ.

"ನಾನ್ ಮುಳುಗಿಸ್ಲಿಲ್ಲ, ಅದೇ ಬಿತ್ತು!" ಅಂತ ದೊಮಿತಿಲ್ ಕೂಗುತ್ತಲೇ ಇದ್ದಳು, ಗಲ್ಲದ ಮೇಲೆ ನೀರಿಳಿಯುತ್ತಿದ್ದರೂ ಬಾಯಿ ತುಂಬ ನಗುತ್ತಾ.