ಬಯ್ಯಲು ಬಂದ ಲೆಕ್ಕದ ಮಿಸ್ಸು

ಕೊರೊನಾ ಕಾಟ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮೇಲೆ ನಾನು ಎಸ್ಸೆಸ್ಸೆಲ್ಸಿಗೆ ಬಂದೆ. ನಮ್ಮದು ನಂಜನಗೂಡು ಮುಗಿದು ಗದ್ದೆ ಶುರುವಾಗುವ ಕಡೆ ಇರುವ ಹೈಸ್ಕೂಲು. ಹುಲ್ಲಹಳ್ಳಿ ಬಸ್ಸಿನಲ್ಲಿ, ದೇವನೂರು ಬಸ್ಸಿನಲ್ಲಿ ಬರುವ ಮಕ್ಕಳೂ ಇದ್ದರು, ನನ್ನಂತೆ ಪಕ್ಕದ ಬಡಾವಣೆಯಿಂದ ನಡೆದು ಬರುವವರೂ ಇದ್ದರು. ಹಿಂದಿನ ವರ್ಷ ರಿಸಲ್ಟ್ ಕೆಟ್ಟು, ನಮ್ಮ ಹೆಡ್‌ಮಾಸ್ಟರು ಮೀಟಿಂಗಿನಲ್ಲಿ ಚೆನ್ನಾಗಿ ಉಗಿಸಿಕೊಂಡು ಬಂದಿದ್ದರಂತೆ. ಉಗಿಸಿಕೊಂಡ ಮೇಲೆ ಸುಮ್ಮನೆ ಕೂರುವ ಆಸಾಮಿಯಲ್ಲ ಅವರು. ಹತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಮೇಷ್ಟ್ರುಗಳಿಗೆ ದತ್ತು ಅಂತ ಹಂಚಿಬಿಟ್ಟರು. ದತ್ತು ತೆಗೆದುಕೊಂಡವರು ದಿನಾ ಬೆಳಗ್ಗೆ ಐದಕ್ಕೆ ತಮ್ಮ ಪಾಲಿನ ಮಕ್ಕಳಿಗೆ ಫೋನ್ ಮಾಡಿ ಓದಲು ಎಬ್ಬಿಸಬೇಕು.

ಎಲ್ಲರಿಗೂ ಬೇಕಾಗಿದ್ದವರು ಕನ್ನಡದ ಶಿವಮಲ್ಲು ಸರ್. ಅವರ ಬಾಯಲ್ಲಿ ಬೆಣ್ಣೆ ಕರಗುತ್ತಿತ್ತು. ಫೋನ್ ಮಾಡಿ 'ಏಳು ಮಗಳೇ, ಬೆಳಗಾಯ್ತು' ಅಂತ ಶುರುಮಾಡಿ, ಒಂದು ವಚನ ಹೇಳಿ, ಅದರ ಅರ್ಥ ಹೇಳಿ ಇಡುತ್ತಿದ್ದರು. ಅವರ ಪಾಲಿನ ಹುಡುಗಿಯರು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು, ನಡುನಡುವೆ 'ಹೂಂ ಸಾರ್' ಅನ್ನುತ್ತಾ ನಿದ್ದೆ ಮುಂದುವರಿಸುತ್ತಿದ್ದರು. ಪಿ.ಟಿ. ಮೇಷ್ಟ್ರು ಸಿದ್ದರಾಜು ಸರ್ ಫೋನಿನಲ್ಲೇ ವಿಷಲ್ ಊದುತ್ತಿದ್ದರು. ಅವರ ಪಾಲಿನ ಹುಡುಗರ ಮನೆಗಳಲ್ಲಿ ಹುಡುಗ ಬಿಟ್ಟು ಮಿಕ್ಕವರೆಲ್ಲ ಎದ್ದು ಕೂರುತ್ತಿದ್ದರು ಅಂತ ನಾವು ನಗುತ್ತಿದ್ದೆವು.

ನಾನು ಸಿಕ್ಕಿದ್ದು ಲೆಕ್ಕದ ಜಯಶೀಲಾ ಮಿಸ್ಸಿಗೆ. ಗಟ್ಟಿ ಪಿನ್ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಯಾವಾಗಲೂ ಒಂದು ಉದ್ದನೆಯ ಮರದ ಸ್ಕೇಲು. ಅವರು ನಕ್ಕಿದ್ದನ್ನು ನೋಡಿದೆ ಅಂತ ಒಬ್ಬಳು ಹೇಳಿದ್ದಳು, ನಾವು ಯಾರೂ ನಂಬಿರಲಿಲ್ಲ. ಜ್ವರ ಬಂದಿತ್ತು ಅಂದರೆ 'ಜ್ವರ ಬಂದಿದ್ದು ಮೈಗೆ, ಬುದ್ಧಿಗಲ್ಲವಲ್ಲ' ಅನ್ನುವವರು. ಅವರ ನಿಯಮ ಸರಳವಾಗಿತ್ತು. ಅವರು ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ನಾವು ಎದ್ದು ಮುಖ ತೊಳೆದು, ಪುಸ್ತಕದ ಮುಂದೆ ಕೂತು, ಒಂದು ಮಿಸ್ಡ್ ಕಾಲ್ ವಾಪಸ್ ಕೊಡಬೇಕು. ಮಾತಿಲ್ಲ, ಕತೆಯಿಲ್ಲ. ವಾಪಸ್ ಬರದಿದ್ದರೆ ಸ್ಕೂಟರ್ ಹತ್ತಿ ಮನೆಗೇ ಬರುತ್ತಾರೆ.

ಬರುತ್ತೇನೆ ಅಂದಿದ್ದು ಬಾಯಿಮಾತು ಅಂದುಕೊಂಡಿದ್ದ ಒಬ್ಬ ಹುಡುಗನ ಮನೆಗೆ ಮೊದಲ ವಾರವೇ ಹೋದರು. ಟವಲ್ ಸುತ್ತಿಕೊಂಡಿದ್ದ ಅವನನ್ನು ಹಾಗೇ ಜಗಲಿ ಮೇಲೆ ಕೂರಿಸಿ ಪ್ರಮೇಯ ಬರೆಸಿದರಂತೆ, ಬೀದಿಯವರೆಲ್ಲ ಹಾಲು ತರಲು ಹೋಗುತ್ತಾ ನೋಡಿದರಂತೆ. ಅವನು ಆ ಪ್ರಮೇಯವನ್ನು ಈಗಲೂ ಮರೆತಿರಲಾರ. ನಾನು ಮನೆಯಲ್ಲಿ ಗೊಣಗಿದರೆ ಅವ್ವ, 'ಬೈದು ಹೇಳೋರು ಬದುಕಕ್ಕೆ ಹೇಳ್ತರೆ ಕಣವ್ವ' ಅನ್ನುತ್ತಿದ್ದಳು. ಆ ಗಾದೆ ಮಾಡಿದವರು ನಮ್ಮ ಮಿಸ್ಸನ್ನು ನೋಡಿರಲಿಲ್ಲ ಅಂತ ನಾನು ಅನ್ನುತ್ತಿದ್ದೆ.

ಆ ಚಳಿಗಾಲದಲ್ಲಿ ನಮ್ಮಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ತಿ. ನರಸೀಪುರದ ಕಡೆ, ಮುಡುಕುತೊರೆ ಹತ್ತಿರ. ಹೆಣ್ಣು ಕೂಸು. ಬಾಣಂತಿಗೂ ಕೂಸಿಗೂ ಶೀತ ತಗುಲಬಾರದು ಅಂತ ಅವ್ವ ಒಳಕೋಣೆಯ ಕಿಟಕಿಗೆ ಹಳೇ ಸೀರೆ ಮಡಿಸಿ ಕಟ್ಟಿದ್ದಳು. ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತಿದ್ದಳು. ಸಂಜೆ ಸ್ನಾನವಾದ ಮೇಲೆ ಕಬ್ಬಿಣದ ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ತಂದು, ಸಾಂಬ್ರಾಣಿ ಹಾಕಿ, ಕೂಸಿನ ತಲೆ ಒಣಗಿಸಿ, ಆಮೇಲೆ ಬಾಂಡ್ಲಿಯನ್ನು ಹಿತ್ತಲಿಗೆ ಒಯ್ದು ಇಡುತ್ತಿದ್ದಳು. ನಮ್ಮಜ್ಜಿಯೂ ಹಾಗೇ ಮಾಡಿದ್ದು, ಅಜ್ಜಿಯ ಅವ್ವನೂ ಹಾಗೇ ಮಾಡಿದ್ದು.

ಆವತ್ತು ಹಗಲೆಲ್ಲ ಜಿನುಗು ಮಳೆ ಬಂದು ಚಳಿ ಹೆಚ್ಚಾಗಿತ್ತು. ಕೂಸು ಸೀನುತ್ತಿತ್ತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಅವ್ವ ಆವತ್ತು ಬಾಂಡ್ಲಿಯನ್ನು ಹೊರಗೆ ಇಡಲಿಲ್ಲ, ಇನ್ನಷ್ಟು ಇದ್ದಿಲು ಸುರಿದು ಕೋಣೆಯ ಮೂಲೆಯಲ್ಲೇ ಬಿಟ್ಟಳು. ಕೋಣೆ ಬೆಚ್ಚಗಿದೆ ಅಂತ ನಾನೂ ನನ್ನ ಚಾಪೆ ಪುಸ್ತಕ ಎತ್ತಿಕೊಂಡು ಅಲ್ಲಿಗೇ ಹೋದೆ. ಓದುತ್ತಾ ತಲೆ ಭಾರವಾಯಿತು. ಲೆಕ್ಕ ಓದಿದರೆ ನನಗೆ ಯಾವತ್ತೂ ತಲೆ ಭಾರವೇ ಆಗುತ್ತಿದ್ದುದರಿಂದ ಅದನ್ನು ದೊಡ್ಡದು ಮಾಡದೆ ಮಲಗಿದೆ.

ಮುಂದಿನದು ನಾನು ಕಂಡದ್ದಲ್ಲ, ಪಕ್ಕದ ಮನೆಯ ಬಸವರಾಜಣ್ಣನ ಬಾಯಿಂದ ಕೇಳಿದ್ದು. ಅವರು ಸೆಂಟ್ರಿಂಗ್ ಕೆಲಸದವರು, ಉಪ್ಪು ಖಾರ ಹಚ್ಚಿ ಮಾತಾಡುವ ಮನುಷ್ಯರಲ್ಲ.

ಬೆಳಗ್ಗೆ ಇನ್ನೂ ಕತ್ತಲೆ ಇರುವಾಗಲೇ ಸ್ಕೂಟರ್ ಬಂದು ನಿಂತಿತಂತೆ. ಮಿಸ್ಸು ಕೊಟ್ಟ ಮಿಸ್ಡ್ ಕಾಲ್‌ಗೆ ನನ್ನಿಂದ ವಾಪಸ್ ಬಂದಿರಲಿಲ್ಲ, ಮತ್ತೆ ಮಾಡಿದಾಗಲೂ ಬಂದಿರಲಿಲ್ಲ. ಸ್ವೆಟರ್ ಮೇಲೆ ಮಫ್ಲರ್ ಸುತ್ತಿಕೊಂಡು ಬಂದವರೇ ಬಾಗಿಲು ಬಡಿದರು. ಕಿಟಕಿಯ ಹತ್ತಿರ ನಿಂತು ಬಯ್ಯಲು ಶುರುಮಾಡಿದರು. ಬಾಗಿಲು ತೆರೆಯದಿದ್ದರೆ ಹೆಡ್‌ಮಾಸ್ಟರನ್ನೇ ಕರೆಸುತ್ತೇನೆ, ಇಂಥ ಸೋಮಾರಿಯನ್ನು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ ಅಂತೆಲ್ಲ. ನಡುವೆ ಮತ್ತೆ ಫೋನ್ ಮಾಡಿದರು. ಒಳಗೆ ಅದು ಬಡಕೊಂಡು ಬಡಕೊಂಡು ನಿಲ್ಲುವುದು ಹೊರಗೇ ಕೇಳುತ್ತಿತ್ತು.

ಗಲಾಟೆಗೆ ಎದ್ದು ಬಂದ ಬಸವರಾಜಣ್ಣನಿಗೆ ಮಿಸ್ಸಿನ ಮೇಲೆ ಸಿಟ್ಟೇ ಬಂದಿತ್ತಂತೆ. 'ಬುಡಿ ಮೇಡಂ, ಬಾಣಂತಿ ಮನೆ. ರಾತ್ರಿಯೆಲ್ಲ ಕೂಸು ಅತ್ತಿರ್ತದೆ, ಪಾಪ ಈಗ ಒಸಿ ಕಣ್ಮುಚ್ಚವ್ರೆ' ಅಂದರು. ಮನೆಯಲ್ಲಿ ಕೂಸಿದೆ ಅಂತ ಮಿಸ್ಸಿಗೆ ಗೊತ್ತೇ ಇರಲಿಲ್ಲ. ಮಾತಿಲ್ಲ ಕತೆಯಿಲ್ಲ ಅಂದವರಿಗೆ ನಾನು ಹೇಳಿಯೂ ಇರಲಿಲ್ಲ. ಅವರು ಬಯ್ಯುವುದನ್ನು ನಿಲ್ಲಿಸಿ ಕಿಟಕಿಗೆ ಕಿವಿಗೊಟ್ಟರಂತೆ.

ಆಮೇಲೆ, 'ನಾನು ಇಷ್ಟು ಕೂಗಾಡಿದೀನಿ. ಫೋನ್ ಅಷ್ಟು ಹೊಡ್ಕೊಂಡಿದೆ. ಕೂಸು ಯಾಕೆ ಅಳ್ತಿಲ್ಲ?' ಅಂತ ಕೇಳಿದರು.

ಬಾಗಿಲು ಒಡೆಯಿರಿ ಅಂದರು ಮಿಸ್ಸು. ಬಸವರಾಜಣ್ಣ ಹಿಂದೆಮುಂದೆ ನೋಡಿದರು. ಗಂಡಸಿಲ್ಲದ ಹೊತ್ತಿನಲ್ಲಿ, ಬಾಣಂತಿ ಮಲಗಿರುವ ಮನೆಯ ಬಾಗಿಲು ಒಡೆಯುವುದು ಅಂದರೆ ಸಾಮಾನ್ಯವೇ? ನಾಳೆ ನಮ್ಮಪ್ಪನಿಗೆ ಯಾವ ಮುಖ ತೋರಿಸುವುದು? ಅದನ್ನೇ ಅಂದಾಗ ಮಿಸ್ಸು, 'ಒಡೆಸಿದ್ದು ನಾನು ಅಂತ ಹೇಳಿ. ಮೊದಲು ಹಾರೆ ತನ್ನಿ' ಅಂದರು. ಕ್ಲಾಸಿನಲ್ಲಿ ಬೋರ್ಡಿಗೆ ಕರೆಯುವಾಗಿನ ಅದೇ ದನಿ ಇರಬೇಕು, ಅಣ್ಣ ಓಡಿಹೋಗಿ ಹಾರೆ ತಂದರು.

ಬೀದಿ ಬಾಗಿಲು ಮೀಟಿ, ಒಳಕೋಣೆಯ ಬಾಗಿಲು ತಳ್ಳಿದರೆ ಗೋಣಿಚೀಲ ಅಡ್ಡ. ಒಳಗೆ ನಾವು ನಾಲ್ವರೂ ಬಿದ್ದಿದ್ದೆವು. ಅವ್ವ ಬಾಗಿಲ ಕಡೆಗೆ ತೆವಳಲು ನೋಡಿದ್ದಳಂತೆ, ಅರ್ಧಕ್ಕೇ ಕವುಚಿ ಬಿದ್ದಿದ್ದಳು. ಮಿಸ್ಸು ಮೂಗಿಗೆ ಮಫ್ಲರ್ ಕಟ್ಟಿಕೊಂಡು ಒಳಗೆ ನುಗ್ಗಿ ಮೊದಲು ಎತ್ತಿಕೊಂಡಿದ್ದು ಕೂಸನ್ನು. ಅದು ಬಟ್ಟೆಯ ಗಂಟಿನ ಹಾಗೆ ಜೋತುಬಿದ್ದಿತ್ತು ಅಂತ ಬಸವರಾಜಣ್ಣ ಹೇಳುವಾಗ ಈಗಲೂ ಅವರ ದನಿ ಕೆಳಗಿಳಿಯುತ್ತದೆ.

ಹತ್ತಿರದಲ್ಲೇ ಇದ್ದ ಸಿದ್ದರಾಜು ಸರ್‌ಗೆ ಫೋನ್ ಹೋಯಿತು. ಅವರು ಬನಿಯನ್‌ನಲ್ಲೇ ಓಮ್ನಿ ತಂದರು. ಬೀದಿಯ ಜನ ಸೇರಿ ನಮ್ಮನ್ನು ತುಂಬಿಕೊಂಡು ನಂಜನಗೂಡು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಮಿಸ್ಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕಿಟಕಿಯ ಗಾಳಿಗೆ ಅದರ ಮುಖ ಹಿಡಿದು, ಅಂಗಾಲು ತಟ್ಟುತ್ತಲೇ ಇದ್ದರಂತೆ. ಅದು ಉಸಿರಾಡುತ್ತಿತ್ತು, ಅಷ್ಟೆ.

ನನಗೆ ಎಚ್ಚರವಾದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ತಲೆ ಸೀಳುವಂಥ ನೋವು. ಕಣ್ಣು ಬಿಟ್ಟರೆ ಎದುರಿಗೆ ಜಯಶೀಲಾ ಮಿಸ್ಸು. ಕ್ಲಾಸಿನಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದೆ ಅಂತಲೇ ಅಂದುಕೊಂಡು 'ಸಾರಿ ಮಿಸ್' ಅಂದೆ. 'ಸುಮ್ನೆ ಮಲಕ್ಕೋ' ಅಂದರು. ಅವರಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೆಡ್‌ಮಾಸ್ಟರು ಫ್ಲಾಸ್ಕಿನಲ್ಲಿ ಕಾಫಿ ತಂದು ಎಲ್ಲರಿಗೂ ಕೊಟ್ಟರು. ನಡುವೆ ಡಾಕ್ಟರನ್ನು ಪಕ್ಕಕ್ಕೆ ಕರೆದು, ಹುಡುಗಿ ಪರೀಕ್ಷೆಗೆ ಕೂರಬಹುದಾ ಅಂತ ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. ಅವರ ಕಷ್ಟ ಅವರಿಗೆ. ಶಿವಮಲ್ಲು ಸರ್ ನಮ್ಮಪ್ಪನ ಕೈ ಹಿಡಿದುಕೊಂಡು ಅಪ್ಪನಿಗಿಂತ ಜೋರಾಗಿ ಅತ್ತರು. ಸಿದ್ದರಾಜು ಸರ್ ಯಾರದೋ ಶರ್ಟು ಹಾಕಿಕೊಂಡು ಮಾತ್ರೆಗೆ, ಚೀಟಿಗೆ ಓಡಾಡುತ್ತಿದ್ದರು.

ಅವ್ವನಿಗೂ ಅಕ್ಕನಿಗೂ ಮಧ್ಯಾಹ್ನದ ಹೊತ್ತಿಗೆ ಮಾತು ಬಂತು. ಕೂಸನ್ನು ಮೈಸೂರಿಗೆ ಕಳಿಸಿದ್ದರು. ಬದುಕುತ್ತದೆ ಅಂತ ಯಾರೂ ಹೇಳುತ್ತಿರಲಿಲ್ಲ, ಬದುಕುವುದಿಲ್ಲ ಅಂತಲೂ ಹೇಳುತ್ತಿರಲಿಲ್ಲ. ಅವ್ವ ಹಣೆ ಹಣೆ ಬಡಿದುಕೊಂಡು, 'ನನ್ ಕೈಯಾರೆ ಮಾಡ್ಬುಟ್ನಲ್ಲಾ ಸಿವ್ನೇ' ಅಂತ ಅಳುತ್ತಿದ್ದಳು. ಡಾಕ್ಟರ್ ಅವಳ ಪಕ್ಕ ಕೂತು ಹೇಳಿದರು. ನಿಮ್ಮಜ್ಜಿ ಕೆಂಡ ಇಟ್ಟಿದ್ದು ಹೆಂಚಿನ ಮನೆಯಲ್ಲಿ, ಅಲ್ಲಿ ಸಂದುಗೊಂದಿನಲ್ಲಿ ಗಾಳಿ ಆಡುತ್ತಿತ್ತು. ನಿಮ್ಮದು ತಾರಸಿ ಮನೆ, ಅದರ ಮೇಲೆ ಕಿಟಕಿ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದ್ದೀರಿ. ಇದ್ದಿಲಿನ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸಿಬಿಡುತ್ತದೆ ಅಂದರು. ಇನ್ನೊಂದು ಗಂಟೆ ಹೋಗಿದ್ದರೆ ಯಾರೂ ಉಳಿಯುತ್ತಿರಲಿಲ್ಲ ಅಂತಲೂ ಅಂದರು. ನಮ್ಮಪ್ಪ ಪಾಳಿ ಮುಗಿಸಿ ಬರುವುದು ಏಳರ ಮೇಲೆ.

ಮಾರನೇ ದಿನ ಸಂಜೆ ಮೈಸೂರಿನಿಂದ ಭಾವ ಫೋನ್ ಮಾಡಿದರು. ಫೋನನ್ನು ನೇರ ಕೂಸಿನ ಹತ್ತಿರ ಹಿಡಿದರು. ಅದು ಕಿರುಚಿ ಕಿರುಚಿ ಅಳುತ್ತಿತ್ತು. ಅಕ್ಕ ಫೋನನ್ನು ಕೆನ್ನೆಗೆ ಒತ್ತಿಕೊಂಡು ಕೂತೇಬಿಟ್ಟಳು. ಬಾಗಿಲ ಹತ್ತಿರ ನಿಂತಿದ್ದ ಜಯಶೀಲಾ ಮಿಸ್ಸು ಕೇಳಿಸಿಕೊಂಡರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಸ್ಕೂಟರ್ ಕೀ ತೆಗೆದುಕೊಂಡು, ಯಾರಿಗೂ ಹೋಗಿಬರುತ್ತೇನೆ ಅಂತಲೂ ಹೇಳದೆ ಹೊರಟುಹೋದರು.

ನಾನು ಶಾಲೆಗೆ ಹೋಗುವಂತಾದ ಮೇಲೆ ಅವ್ವ ಒಬ್ಬಟ್ಟು ಮಾಡಿ ಕೊಟ್ಟು ಕಳಿಸಿದಳು. ಸ್ಟಾಫ್‌ರೂಮಿಗೆ ಹೋಗಿ, ಕಲಿತುಕೊಂಡು ಬಂದಿದ್ದ ಮಾತನ್ನು ಹೇಳಿದೆ. ನೀವು ನಮ್ಮ ಮೇಲೆ ಇಷ್ಟು ಪ್ರೀತಿ ಇಟ್ಟು ಬಂದಿದ್ದಕ್ಕೆ ನಾವು ಬದುಕಿದೆವು ಮಿಸ್ ಅಂತ. ಮಿಸ್ಸು ಕಾಪಿ ತಿದ್ದುತ್ತಿದ್ದ ಪೆನ್ನನ್ನು ಕೆಳಗಿಡಲಿಲ್ಲ.

'ಪ್ರೀತಿಗೀತಿ ಅಂತ ಅಂದ್ಕೋಬೇಡ ಕಣೇ. ನಾನು ಬಂದಿದ್ದು ನಿನ್ನನ್ನ ಬಯ್ಯಕ್ಕೆ. ನಿನ್ನ ಮೇಲೆ ನನಗೆ ಸಿಟ್ಟಿತ್ತು' ಅಂದರು.

ಪಕ್ಕದ ಮೇಜಿನಲ್ಲಿ ಶಿವಮಲ್ಲು ಸರ್ ಇದ್ದರು. ಅವರು ತಮಾಷೆ ಮಾಡಿ ಮಾತು ತೇಲಿಸುತ್ತಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡದೆ, ಕಿಟಕಿಯ ಕಡೆ ನೋಡುತ್ತಾ ಹೇಳಿದರು. 'ನೀನು ನನ್ನ ಪಾಲಿಗೆ ಬಂದಿದ್ರೆ ನಾನು ಬರ್ತಿರ್ಲಿಲ್ಲ ಮಗಳೇ. ಪಾಪ, ಸುಸ್ತಾಗಿರಬೇಕು, ಇನ್ನೊಂದು ಗಂಟೆ ಮಲಗಲಿ ಅಂತ ಬಿಟ್ಟುಬಿಡ್ತಿದ್ದೆ. ಆವತ್ತಿಂದ ಅದೇ ಯೋಚನೆ ನನಗೆ.'

ಸಿದ್ದರಾಜು ಸರ್ ಎದ್ದು ಒಬ್ಬಟ್ಟಿನ ಡಬ್ಬಿ ತೆಗೆದು ಎಲ್ಲರಿಗೂ ಕೊಟ್ಟರು. ಮಿಸ್ಸು ತಮ್ಮ ಪಾಲಿನದರಲ್ಲಿ ಅರ್ಧ ಮುರಿದು ಶಿವಮಲ್ಲು ಸರ್ ಮೇಜಿನ ಮೇಲಿಟ್ಟು, ಮತ್ತೆ ಕಾಪಿ ತಿದ್ದಲು ಕೂತರು.

ಈಗ ನಾನು ಅಕ್ಕನ ಮನೆಯಲ್ಲಿದ್ದುಕೊಂಡು ತಿ. ನರಸೀಪುರದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನಿನಗೆ ಇಷ್ಟವಾದ ಮೇಷ್ಟ್ರು ಯಾರು ಅಂತ ಯಾರಾದರೂ ಕೇಳಿದರೆ ಈಗಲೂ ಶಿವಮಲ್ಲು ಸರ್ ಅನ್ನುತ್ತೇನೆ, ಸುಳ್ಳು ಯಾಕೆ ಹೇಳಲಿ. ಊರಿಗೆ ಹೋದಾಗ ಜಯಶೀಲಾ ಮಿಸ್ಸು ಪೇಟೆಯಲ್ಲಿ ಎದುರಾದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ಆದರೆ ಒಂದು ಅಭ್ಯಾಸ ಅವರಿಂದ ನನಗೆ ಅಂಟಿಕೊಂಡಿದೆ. ಗೆಳತಿಯರಾಗಲಿ, ನೆಂಟರಾಗಲಿ, ಫೋನ್ ಮಾಡಿದಾಗ ಎತ್ತದಿದ್ದರೆ, ಪಾಪ ಮಲಗಿರಬೇಕು ಅಂದುಕೊಂಡು ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ. ಹೋಗಿ ಬಾಗಿಲು ಬಡಿಯುತ್ತೇನೆ. ಹತ್ತಕ್ಕೆ ಒಂಬತ್ತು ಸಲ ಅವರು ಮಲಗಿಯೇ ಇರುತ್ತಾರೆ, ಕಣ್ಣುಜ್ಜಿಕೊಂಡು ಬಂದು ಬಾಯಿಗೆ ಬಂದಂತೆ ಬಯ್ಯುತ್ತಾರೆ. ನಾನು ಬೈಸಿಕೊಂಡು ನೆಮ್ಮದಿಯಿಂದ ವಾಪಸ್ ಬರುತ್ತೇನೆ.